ಒಂಬತ್ತು ವಾರದ ಬಾಹ್ಯಾಕಾಶ ಕೋರ್ಸ್: ಅತ್ತೆ ಮಗಳಿಗೆ ಹೋಗು ಅನ್ನಲಾ, ಬೇಡ ಅನ್ನಲಾ?

ಸಾಲಗಾಮೆ_ರೋಡ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಾನು ಹಾಸನದವಳು. ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಎಂಸಿಎಫ್‌ನ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಬಿಳಿ ಡಿಶ್‌ಗಳು ಕಾಣುತ್ತಿದ್ದವು. ಆ ಹುಚ್ಚಿಗೇ 2018ರಲ್ಲಿ ಬಿ.ಇ. ಮುಗಿಸಿ, ಒಂದು ವರ್ಷ ಅರ್ಜಿ, ಪರೀಕ್ಷೆ ಅಂತ ಓಡಾಡಿ, 2019ರ ಬೇಸಿಗೆಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋದೆ. ಇಂಟರ್‌ನ್ಯಾಷನಲ್ ಸ್ಪೇಸ್ ಯೂನಿವರ್ಸಿಟಿ ಅಂತ ಇದೆ. ಅವರ ಸ್ಪೇಸ್ ಸ್ಟಡೀಸ್ ಪ್ರೋಗ್ರಾಂ, ಆಗ ಒಂಬತ್ತು ವಾರದ್ದು. ಜೂನ್ ಕೊನೆಗೆ ಶುರು, ಆಗಸ್ಟ್ ಕೊನೆಗೆ ಮುಗಿಯಿತು.

ಫೀಸಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಕೇಳಿದ್ದು ಒಂದೇ ಪ್ರಶ್ನೆ: "ಒಂಬತ್ತು ವಾರಕ್ಕೆ ಯಾವ ಡಿಗ್ರಿ ಕೊಡ್ತಾರಮ್ಮ?" ಡಿಗ್ರಿ ಇಲ್ಲ, ಸರ್ಟಿಫಿಕೇಟ್ ಅಂದೆ. ಫೈಲ್ ವಾಪಸ್ ಬಂತು. ಕೊನೆಗೆ ಅಮ್ಮನ ನಾಲ್ಕು ಬಳೆ ಅಡ ಇಟ್ಟು, ಉಳಿದದ್ದಕ್ಕೆ ಅಪ್ಪನ ಹೆಸರಲ್ಲಿ ಪರ್ಸನಲ್ ಲೋನ್ ತೆಗೆದೆವು. ಕಂತು ಮುಗಿದದ್ದು 2023ರಲ್ಲಿ. ಬಳೆ ಬಿಡಿಸಿಕೊಂಡು ಬಂದ ದಿನ ಅಮ್ಮ ಏನೂ ಮಾತಾಡಲಿಲ್ಲ, ಕೈಗೆ ಹಾಕಿಕೊಂಡು ದೋಸೆ ಹುಯ್ಯಲು ಹೋದರು.

ಈಗ ವಿಷಯ. ನಮ್ಮ ಅತ್ತೆ ಮಗಳು ಫೈನಲ್ ಇಯರ್‌ನಲ್ಲಿದ್ದಾಳೆ. ಅವಳಿಗೂ ಅದೇ ಕೋರ್ಸ್ ಬೇಕಂತೆ. ಮಾವನ ಕೈಯಲ್ಲಿ ಶುಂಠಿ ದುಡ್ಡು ಇದೆ. ನಾನು "ಸ್ವಲ್ಪ ಯೋಚನೆ ಮಾಡಿ" ಅಂದಿದ್ದಕ್ಕೆ ಅತ್ತೆ ಫೋನ್ ಮಾಡಿ, "ನೀನು ಹೋಗಿ ಬಂದೆ, ಇವಳು ಮಾತ್ರ ಹೋಗಬಾರದಾ?" ಅಂದರು. ನಿಜ ಹೇಳಬೇಕೆಂದರೆ ನನ್ನ ಹತ್ತಿರ ಉತ್ತರ ಇಲ್ಲ. ಅಲ್ಲಿ ಕಳೆದ ಒಂದು ದಿನವನ್ನೂ ನಾನು ಬಿಟ್ಟುಕೊಡಲ್ಲ. ಆದರೆ ಹೋಗು ಅನ್ನಲು ಬಾಯಿ ಬರುತ್ತಿಲ್ಲ. ಈ ತರಹದ ಕೋರ್ಸಿಗೆ ಹೋದವರು, ಮಕ್ಕಳನ್ನು ಕಳಿಸಿದವರು ಇದ್ದರೆ ಹೇಳಿ.

ಶುಂಠಿ_ಸೀನ

ಶುಂಠಿ ದುಡ್ಡು ಅಂದ್ರಾ? ಬೇಗ ಖರ್ಚು ಮಾಡಿಸಿ ಅಕ್ಕ. ಇಟ್ಟರೆ ಮುಂದಿನ ವರ್ಷ ಮತ್ತೆ ಶುಂಠಿಗೇ ಹಾಕಿ ಕೊಳೆ ರೋಗಕ್ಕೆ ಕೊಡುತ್ತಾರೆ. ಅದಕ್ಕಿಂತ ಫ್ರಾನ್ಸ್ ವಾಸಿ.

ಪೀಣ್ಯ_ಎರಡನೇ_ಹಂತ

ಇದು ನಾಸಾ ಟ್ರಿಪ್ ತರಹದ್ದೇ ಅಲ್ವಾ? ನಮ್ಮ ಮಗನ ಸ್ಕೂಲಲ್ಲೂ ಬಂದಿದ್ದರು. ಹತ್ತು ದಿನ ಅಮೆರಿಕ, ಒಂದು ಟೀಶರ್ಟ್, ಒಂದು ಸರ್ಟಿಫಿಕೇಟ್, ರಾಕೆಟ್ ಮುಂದೆ ಫೋಟೊ. ನಾನು ಬೇಡ ಅಂದೆ. ಅವನು ಇವತ್ತಿಗೂ ಮಾತು ಬಂದಾಗೆಲ್ಲ ಎತ್ತಿ ಆಡುತ್ತಾನೆ.

ಡೆಲ್ಫ್ಟ್_ಹದಿನೆಂಟು

ಪೀಣ್ಯ ಸಾರ್, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಾನು 2018ರ ಬ್ಯಾಚ್, ಆ ವರ್ಷ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ನಡೆದಿತ್ತು. ಬೇಸಿಗೆ ಕೋರ್ಸ್ ಊರಿಂದ ಊರಿಗೆ ಹೋಗುತ್ತದೆ. 2017ರಲ್ಲಿ ಐರ್ಲೆಂಡಿನ ಕಾರ್ಕ್. 2022ರಲ್ಲಿ ಪೋರ್ಚುಗಲ್, 2023ರಲ್ಲಿ ಬ್ರೆಜಿಲ್, 2024ರಲ್ಲಿ ಹ್ಯೂಸ್ಟನ್. ಮುಖ್ಯ ಕ್ಯಾಂಪಸ್ ಮಾತ್ರ ಸ್ಟ್ರಾಸ್‌ಬರ್ಗ್ ಪಕ್ಕದ ಇಲ್ಕಿರ್ಶ್‌ನಲ್ಲಿ.

ಶುರುವಾಗಿದ್ದು 1987ರಲ್ಲಿ. ಪೀಟರ್ ಡಯಮಂಡಿಸ್, ಟಾಡ್ ಹಾಲಿ, ಬಾಬ್ ರಿಚರ್ಡ್ಸ್ ಅಂತ ಮೂರು ಜನ ಹುಡುಗರು ಹುಟ್ಟುಹಾಕಿದ್ದು. ಮೊದಲ ಬೇಸಿಗೆ 1988ರಲ್ಲಿ ಅಮೆರಿಕದ ಎಂಐಟಿಯಲ್ಲಿ, 21 ದೇಶಗಳ 104 ಜನ. ಆಗಿನ್ನೂ ಸೋವಿಯತ್ ಒಕ್ಕೂಟ ಇತ್ತು ಅನ್ನೋದನ್ನ ನೆನಪಿಟ್ಟುಕೊಳ್ಳಿ.

ರಾಕೆಟ್ ಮುಂದೆ ಫೋಟೊ ನಾವೂ ತೆಗೆಸಿಕೊಂಡೆವು, ಸುಳ್ಳು ಹೇಳಲ್ಲ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ಪಾಠ, ಆಮೇಲೆ ವರ್ಕ್‌ಶಾಪ್, ರಾತ್ರಿ ಪ್ರಾಜೆಕ್ಟ್. ಎಂಜಿನಿಯರಿಂಗ್, ವಿಜ್ಞಾನ, ಕಾನೂನು, ಬಿಸಿನೆಸ್, ವೈದ್ಯಕೀಯ, ಕಲೆ ಎಲ್ಲ ಒಟ್ಟಿಗೆ. ಒಂಬತ್ತು ವಾರದಲ್ಲಿ ನಾನು ಐದು ಕೆಜಿ ಇಳಿದೆ.

ಎರಡನೇ_ಪಿಯು_ಪಿಸಿಎಂಬಿ

ಅಕ್ಕಾ ಗಗನಯಾತ್ರಿಗಳನ್ನ ನೋಡಿದ್ರಾ? ಕೈ ಕೊಟ್ರಾ?

ಸಾಲಗಾಮೆ_ರೋಡ್

ನೋಡಿದೆ ಪುಟ್ಟ. ಕ್ಯಾಂಟೀನಿನಲ್ಲಿ ನಮ್ಮ ಹಿಂದೆಯೇ ತಟ್ಟೆ ಹಿಡಿದು ಕ್ಯೂ ನಿಂತಿದ್ದರು. ನನಗೆ ಬಾಯೇ ಬರಲಿಲ್ಲ. ಕೊನೆಗೆ "ಸಾಲ್ಟ್ ಪ್ಲೀಸ್" ಅಂದೆ. ಉಪ್ಪು ಕೊಟ್ಟರು. ಅಷ್ಟೇ ನಮ್ಮ ಮಾತುಕತೆ.

@ಡೆಲ್ಫ್ಟ್_ಹದಿನೆಂಟು ಅಣ್ಣ, ನೀವು ಹೋಗುವಾಗ ಕೆಲಸದಲ್ಲಿದ್ರಾ?

ಡೆಲ್ಫ್ಟ್_ಹದಿನೆಂಟು

ಹೌದು, ನಾಲ್ಕು ವರ್ಷ ಆಗಿತ್ತು. ಅರ್ಧ ಕಂಪನಿ ಕೊಟ್ಟಿತು, ಅರ್ಧ ಕೈಯಿಂದ.

ಗೇಟ್_ಎರಡನೇ_ಸಲ

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಊರಲ್ಲಿ ಎಲ್ಲರೂ ಇದನ್ನೇ ತಪ್ಪು ತಿಳಿದಿದ್ದಾರೆ. ಇಂಥ ಕೋರ್ಸ್ ಮಾಡಿದರೆ ಇಸ್ರೋ ಕರೆದು ಕೆಲಸ ಕೊಡುತ್ತದೆ ಅನ್ನೋದು ಸುಳ್ಳು. ಇಸ್ರೋಗೆ ಸೈಂಟಿಸ್ಟ್/ಎಂಜಿನಿಯರ್ ಆಗಿ ಸೇರಲು ಅದರದ್ದೇ ನೇಮಕಾತಿ ಇದೆ. ಬಿ.ಇ.ಯಲ್ಲಿ 65% ಇರಬೇಕು, ಆಮೇಲೆ ಪರೀಕ್ಷೆ, ಇಂಟರ್‌ವ್ಯೂ. ಇಲ್ಲವೇ ತಿರುವನಂತಪುರದ ಬಾಹ್ಯಾಕಾಶ ಕಾಲೇಜು ಐಐಎಸ್‌ಟಿಯಲ್ಲಿ ಓದಬೇಕು. ಸ್ಟ್ರಾಸ್‌ಬರ್ಗ್ ಸರ್ಟಿಫಿಕೇಟಿಗೆ ಅಲ್ಲಿ ಒಂದು ಮಾರ್ಕ್ಸೂ ಇಲ್ಲ.

ಹೊರಗಡೆ ನೋಡೋಣ ಅಂದರೆ ನಾಸಾ ಸರ್ಕಾರಿ ನೌಕರಿಗೆ ಅಮೆರಿಕದ ಪೌರತ್ವ ಬೇಕು. ಅಲ್ಲಿನ ಖಾಸಗಿ ರಾಕೆಟ್ ಕಂಪನಿಗಳಿಗೂ ಐಟಾರ್ ಅಂತ ಒಂದು ರಫ್ತು ಕಾನೂನಿದೆ, ರಾಕೆಟ್ ತಂತ್ರಜ್ಞಾನವನ್ನು ವಿದೇಶಿಯರಿಗೆ ತೋರಿಸುವುದನ್ನೂ ರಫ್ತು ಅಂತಲೇ ಲೆಕ್ಕ ಹಾಕುತ್ತಾರೆ. ಹಾಗಾಗಿ ನಮ್ಮವರನ್ನು ತೆಗೆದುಕೊಳ್ಳುವ ಗೋಜಿಗೇ ಹೋಗಲ್ಲ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್‌ಎ ತನ್ನ ಸದಸ್ಯ ದೇಶಗಳವರನ್ನು ತೆಗೆದುಕೊಳ್ಳುತ್ತದೆ. ಉಳಿದದ್ದು ಏನು? ಬೆಂಗಳೂರು, ಹೈದರಾಬಾದ್, ಚೆನ್ನೈನ ಹೊಸ ಕಂಪನಿಗಳು. ಅವರು ಕೇಳೋದು "ಕೋಡ್ ಬರೀತೀಯಾ, ಬೋರ್ಡ್ ಮಾಡ್ತೀಯಾ" ಅಂತ.

ಆ ದುಡ್ಡಲ್ಲಿ ಇಲ್ಲೇ ಎಂ.ಟೆಕ್. ಮಾಡಿಸಿ ಇನ್ನೂ ಉಳಿಸಬಹುದು. ಬೇಸರ ಆದರೆ ಕ್ಷಮಿಸಿ.

ಸಾಲಗಾಮೆ_ರೋಡ್

ಬೇಸರ ಏನಿಲ್ಲ, ನೀವು ಹೇಳಿದ್ದು ಅಕ್ಷರಶಃ ನಿಜ. ಬಂದ ಮೇಲೆ ಎರಡು ವರ್ಷ ನನಗೆ ಈ ಕ್ಷೇತ್ರದಲ್ಲಿ ಕೆಲಸ ಸಿಗಲಿಲ್ಲ. ಮಧ್ಯೆ ಕೊರೊನಾ ಬೇರೆ. 2021ರಲ್ಲಿ ಬೆಂಗಳೂರಿನ ಒಂದು ಸಣ್ಣ ಉಪಗ್ರಹ ಕಂಪನಿಗೆ ಸೇರಿದೆ. ಸಿಕ್ಕಿದ್ದು ಸಿ ಪ್ರೋಗ್ರಾಮಿಂಗ್ ಟೆಸ್ಟ್‌ನಿಂದ. ಸ್ಟ್ರಾಸ್‌ಬರ್ಗ್ ಬಗ್ಗೆ ಇಂಟರ್‌ವ್ಯೂನಲ್ಲಿ ಒಂದೇ ಪ್ರಶ್ನೆ ಬಂತು: "ಅಲ್ಲಿ ಚಳಿ ಜಾಸ್ತೀನಾ?"

ಚಳಿ! 2019ರ ಜುಲೈನಲ್ಲಿ ಯುರೋಪಿಗೆ ಬಂದ ಬಿಸಿಲು ನೆನಪಿದೆಯಾ? ಜುಲೈ 25ಕ್ಕೆ ಪ್ಯಾರಿಸ್‌ನಲ್ಲಿ 42.6 ಡಿಗ್ರಿ, ದಾಖಲೆ ಅದು. ನನ್ನ ರೂಮಿನಲ್ಲಿ ಎಸಿ ಇಲ್ಲ, ಫ್ಯಾನ್ ಇಲ್ಲ. ಸೂರ್ಯ ಮುಳುಗುತ್ತಿದ್ದದ್ದೇ ರಾತ್ರಿ ಒಂಬತ್ತೂವರೆಗೆ. ಅಪ್ಪನ ಲುಂಗಿ ಒಂದು ಹೊದೆಯಲು ಅಂತ ಒಯ್ದಿದ್ದೆ. ಅದನ್ನೇ ಒದ್ದೆ ಮಾಡಿ ಕಿಟಕಿಗೆ ಕಟ್ಟಿದೆ. ಮಾರನೇ ದಿನ ನೋಡಿದರೆ ಸಾಲಾಗಿ ಎಲ್ಲರ ಕಿಟಕಿಯಲ್ಲೂ ಒದ್ದೆ ಬಟ್ಟೆ!

ರೈನ್_ದಂಡೆ

ಆಹಾ, ನಮ್ಮೂರಿನ ಮಾತು! ನಾನು ನದಿಯ ಈಚೆ ದಡದಲ್ಲಿ, ಜರ್ಮನಿಯ ಕೆಲ್ ಊರಿನ ಹತ್ತಿರ ಇದ್ದೇನೆ. ಮೂಲ ಕಡೂರು. ಯಾರಾದರೂ ಸ್ಟ್ರಾಸ್‌ಬರ್ಗ್‌ಗೆ ಬರುವುದಾದರೆ ಇದನ್ನು ಬರೆದಿಟ್ಟುಕೊಳ್ಳಿ. 2017ರಿಂದ ಡಿ ಲೈನ್ ಟ್ರಾಮ್ ಸೇತುವೆ ದಾಟಿ ಕೆಲ್‌ಗೆ ಬರುತ್ತದೆ. ಟ್ರಾಮಿನಲ್ಲಿ ಕೂತೇ ದೇಶ ಬದಲಾಯಿಸಬಹುದು. ಸೋಪು, ಶಾಂಪೂ ಎಲ್ಲ ಈ ಕಡೆ ಅಗ್ಗ, ಅದಕ್ಕೇ ಶನಿವಾರ ಅರ್ಧ ಸ್ಟ್ರಾಸ್‌ಬರ್ಗ್ ನಮ್ಮೂರಲ್ಲಿ ಇರುತ್ತದೆ. ಭಾನುವಾರ ಎರಡೂ ಕಡೆ ಅಂಗಡಿ ಬಂದ್. ಶನಿವಾರ ಹಾಲು ತರೋದು ಮರೆತರೆ ಭಾನುವಾರ ಕರಿ ಕಾಫಿಯೇ ಗತಿ.

ಸಾಲಗಾಮೆ_ರೋಡ್

ಅಯ್ಯೋ ನೀವು ಆಗ ಸಿಗಬಾರದಿತ್ತಾ! ಮೊದಲ ಭಾನುವಾರ ನಾನು ಮೂರು ಹೊತ್ತೂ ಪುಳಿಯೋಗರೆ ತಿಂದೆ. ಅಮ್ಮ ಕಟ್ಟಿಕೊಟ್ಟ ಗೊಜ್ಜಿನ ಡಬ್ಬಿ ಸೂಟ್‌ಕೇಸಿನಲ್ಲಿ ಸೋರಿ, ಇದ್ದ ಒಂದೇ ಬಿಳಿ ಷರ್ಟು ಹಾಳಾಗಿತ್ತು. ಉಳಿದ ಗೊಜ್ಜನ್ನು ಪಕ್ಕದ ರೂಮಿನ ಕೊರಿಯಾ ಹುಡುಗಿ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದಳು. "ಇದು ಜಾಮಾ, ಉಪ್ಪಿನಕಾಯಾ?" ಅಂತ ಕೇಳಿದಳು. ನನಗೂ ತಕ್ಷಣ ಹೇಳಲು ಆಗಲಿಲ್ಲ.

ಮಲ್ನಾಡ್_ಮಂಜ

ಎರಡೂ ಅಲ್ಲ, ಅದು ಪ್ರಸಾದ. ಮುಂದುವರಿಸಿ.

ಪೀಣ್ಯ_ಎರಡನೇ_ಹಂತ

ಊಟದ ವಿಷಯ ಸರಿ. ಕಲಿತದ್ದೇನು ಅಂತ ಯಾರೂ ಹೇಳುತ್ತಿಲ್ಲ. ಎಲ್ಲ ಸ್ವಲ್ಪ ಸ್ವಲ್ಪ ಕಲಿಸುತ್ತಾರೆ ಅಂದರೆ ಏನೂ ಕಲಿಸಲ್ಲ ಅಂತ ಅರ್ಥ ಅಲ್ವಾ? ಒಂಬತ್ತು ವಾರದಲ್ಲಿ ರಾಕೆಟ್ಟೂ, ಕಾನೂನೂ, ಡಾಕ್ಟರಿಕೆಯೂ!

ಸಾಲಗಾಮೆ_ರೋಡ್

ಸಾರ್, ಸರಿಯಾದ ಪ್ರಶ್ನೆ. ಒಂದು ಘಟನೆ ಹೇಳುತ್ತೇನೆ.

ಪ್ರಾಜೆಕ್ಟ್ ಅಂದರೆ ಒಂದು ದೊಡ್ಡ ಗುಂಪು ಸೇರಿ ಒಂದೇ ವರದಿ ಬರೆಯಬೇಕು. ನಮ್ಮ ಗುಂಪಿನಲ್ಲಿ ಕೆನಡಾದ ವಕೀಲೆ, ಇಟಲಿಯ ಡಾಕ್ಟರು, ಚೀನಾದ ಇಬ್ಬರು ಎಂಜಿನಿಯರುಗಳು, ನೈಜೀರಿಯಾದ ಸರ್ಕಾರಿ ಅಧಿಕಾರಿ, ಒಬ್ಬ ಚಿತ್ರ ಕಲಾವಿದ. ವಯಸ್ಸು ಇಪ್ಪತ್ತಮೂರರಿಂದ ಐವತ್ತರ ಮೇಲೆ. ನಾನು ಒಂದು ಪ್ಯಾರಾ ಬರೆದಿದ್ದೆ. ಅದರಲ್ಲಿ "ದೇಶಗಳು ಹೀಗೆ ಮಾಡಬೇಕು" ಅಂತ ಇತ್ತು. ವಕೀಲೆ ಬಂದು ಅದನ್ನು "ಮಾಡಬಹುದು" ಅಂತ ತಿದ್ದಿದಳು. ನಾನು ವಾಪಸ್ "ಮಾಡಬೇಕು" ಹಾಕಿದೆ. ರಾತ್ರಿ ಹನ್ನೊಂದರವರೆಗೆ ಜಗಳ. ಅವಳು ಬೋರ್ಡಿನ ಮೇಲೆ ಬರೆದು ತೋರಿಸಿದಳು: "ಮಾಡಬೇಕು ಅಂದರೆ ಯಾರು ಮಾಡಿಸುತ್ತಾರೆ? ಮಾಡದಿದ್ದರೆ ಏನು ಶಿಕ್ಷೆ? ಖರ್ಚು ಯಾರದು?" ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು ಇಲ್ಲಿ ಕೆಲಸಕ್ಕೆ ಬಂತು. ನಮ್ಮ ಕಂಪನಿಯಲ್ಲಿ ಮೊದಲ ಉಪಗ್ರಹದ ಡಿಸೈನ್ ಶುರುವಾದಾಗ ಎಲ್ಲರೂ ಬೋರ್ಡು, ಬ್ಯಾಟರಿ ಅಂತ ಮುಳುಗಿದ್ದರು. "ರೇಡಿಯೊ ಫ್ರೀಕ್ವೆನ್ಸಿಗೆ ಅರ್ಜಿ ಹಾಕಿದ್ದೀವಾ?" ಅಂತ ಕೇಳಿದ್ದು ನಾನೊಬ್ಬಳೇ. ಉಪಗ್ರಹದ ಫ್ರೀಕ್ವೆನ್ಸಿಯನ್ನು ನಮ್ಮ ಸರ್ಕಾರದ ಮೂಲಕ ಜಿನೀವಾದ ಐಟಿಯುಗೆ (ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ) ತಿಳಿಸಬೇಕು, ಬೇರೆ ದೇಶಗಳ ಜೊತೆ ಹೊಂದಾಣಿಕೆ ಆಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಉಪಗ್ರಹ ರೆಡಿ ಆಗಿ ಪೇಪರ್ ರೆಡಿ ಇಲ್ಲದಿದ್ದರೆ ಡಬ್ಬಿಯಲ್ಲಿಟ್ಟು ನೋಡುತ್ತಾ ಕೂರಬೇಕು. ಅವತ್ತು ರಾತ್ರಿಯೇ ಆ ಕೆನಡಾ ವಕೀಲೆಗೆ ಮೆಸೇಜ್ ಹಾಕಿ ಯಾವ ಫಾರಂ ಮೊದಲು ಅಂತ ಕೇಳಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಕೊನೆಗೆ ಬರೆದಿದ್ದಳು: "ಈಗ 'ಮಾಡಬೇಕು' ಅಂತಲೇ ಬರಿ."

ಪೀಣ್ಯ_ಎರಡನೇ_ಹಂತ

ಸರಿ, ಇದು ಒಪ್ಪಿದೆ. ನಮ್ಮ ಫ್ಯಾಕ್ಟರಿಯಲ್ಲೂ ಅಷ್ಟೇ, ಮೆಷಿನ್ ಬಂದು ಮೂರು ತಿಂಗಳು ಕರೆಂಟ್ ಸ್ಯಾಂಕ್ಷನ್ ಇಲ್ಲದೆ ಟಾರ್ಪಾಲ್ ಹೊದ್ದು ಕೂತಿತ್ತು.

ದೇಶಭಕ್ತ_560

2019 ಅಂದರೆ ಮಿಷನ್ ಶಕ್ತಿ ಆದ ವರ್ಷ. ಅಲ್ಲಿ ನಮ್ಮ ದೇಶದ ಬಗ್ಗೆ ಹೆಮ್ಮೆಯಿಂದ ಮಾತಾಡಿದರಾ?

ಸಾಲಗಾಮೆ_ರೋಡ್

ಹ್ಮ್. ಅದನ್ನು ಬರೆಯೋದು ಬೇಡ ಅಂದುಕೊಂಡಿದ್ದೆ. ಕೇಳಿದಿರಿ, ಹೇಳುತ್ತೇನೆ.

ಮಾರ್ಚ್ 27ಕ್ಕೆ ನಮ್ಮವರು ನಮ್ಮದೇ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆದಿದ್ದರು. ನಾನು ಅಲ್ಲಿಗೆ ಹೋಗಿದ್ದು ಮೂರು ತಿಂಗಳಾದ ಮೇಲೆ. ಬಾಹ್ಯಾಕಾಶದ ಕಸದ ಬಗ್ಗೆ ಚರ್ಚೆ ಇತ್ತು. ಒಬ್ಬ ಜರ್ಮನ್ ಹುಡುಗ ಎದ್ದು ನಿಂತು, ನೇರ ನನ್ನ ಕಡೆ ತಿರುಗಿ, "ನಿಮ್ಮ ದೇಶ ಯಾಕೆ ಹಾಗೆ ಮಾಡಿತು?" ಅಂದ. ನಾನು ಎಂಜಿನಿಯರಿಂಗ್ ಮುಗಿಸಿದ ಹುಡುಗಿ, ರಕ್ಷಣಾ ಸಚಿವೆ ಅಲ್ಲ! ಆದರೂ ಇಡೀ ಕ್ಲಾಸ್ ಕಾಯುತ್ತಿತ್ತು. ಸುಮಾರು 300 ಕಿ.ಮೀ. ಎತ್ತರದಲ್ಲಿ ಹೊಡೆದದ್ದು, ಅಷ್ಟು ಕೆಳಗಿದ್ದರೆ ಚೂರುಗಳು ಬೇಗ ಬಿದ್ದು ಉರಿದುಹೋಗುತ್ತವೆ ಅಂದೆ. "ಎಲ್ಲವೂ?" ಅಂದ. ಇಲ್ಲ, ಕೆಲವು ಮೇಲಕ್ಕೂ ಚಿಮ್ಮಿವೆ ಅಂತ ಒಪ್ಪಿಕೊಂಡೆ.

ಆಗ ನಮ್ಮ ಗುಂಪಿನ ಚೀನಾ ಎಂಜಿನಿಯರ್ ಒಬ್ಬರು ಮೆಲ್ಲಗೆ, "ನಾವು 2007ರಲ್ಲಿ ಮಾಡಿದ್ದು ಇನ್ನೂ ಮೇಲೆ, ಅದು ಇನ್ನೂ ಸುತ್ತುತ್ತಿದೆ" ಅಂದರು. ಕ್ಲಾಸ್ ನಕ್ಕಿತು. ಆಚೆ ಬಂದ ಮೇಲೆ ಆ ಜರ್ಮನ್ ಹುಡುಗನೇ ಕಾಫಿ ಕೊಡಿಸಿದ.

ದೇಶಭಕ್ತ_560

ಅವರಿಗೆ ಕೇಳುವ ಹಕ್ಕೇನಿದೆ? ಅಮೆರಿಕ, ರಷ್ಯಾ ಮಾಡಿಲ್ಲವಾ? ನೀವು ಗಟ್ಟಿಯಾಗಿ ಉತ್ತರ ಕೊಡಬೇಕಿತ್ತು. ತಲೆ ತಗ್ಗಿಸಿ ಬಂದಿದ್ದೀರಿ.

ಡೆಲ್ಫ್ಟ್_ಹದಿನೆಂಟು

ತಲೆ ತಗ್ಗಿಸಿದ್ದು ಎಲ್ಲಿ? ಸತ್ಯ ಹೇಳಿದ್ದಾರೆ. ಚೀನಾ ಹೊಡೆದದ್ದು 865 ಕಿ.ಮೀ. ಎತ್ತರದಲ್ಲಿ, ಪತ್ತೆ ಹಚ್ಚಬಹುದಾದ ಚೂರುಗಳೇ ಮೂರು ಸಾವಿರದ ಮೇಲೆ. ಆ ವ್ಯತ್ಯಾಸ ಗೊತ್ತಿದ್ದವರಿಗೇ ಗಟ್ಟಿ ಉತ್ತರ ಕೊಡಲು ಆಗೋದು. ಸುಮ್ನೆ ಕೂಗಿದರೆ ಆಗಲ್ಲ.

ದೇಶಭಕ್ತ_560

ಸುಮ್ನೆ ಕೂಗಿದ್ದು ಯಾರು?

ಮಾಡರೇಟರ್

ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಅತ್ತೆ ಮಗಳ ವಿಷಯಕ್ಕೆ ಬನ್ನಿ.

ತೋಟದ_ಮನೆ

ಅತ್ತೆ ಮಗಳು ಆಮೇಲೆ. ನನಗೊಂದು ಡೌಟು. ಆ ಚೂರು ಯಾವುದಾದರೂ ಬಂದು ನಮ್ಮ ಅಡಿಕೆ ತೋಟಕ್ಕೆ ಬಿದ್ದರೆ ಪರಿಹಾರ ಯಾರು ಕೊಡುತ್ತಾರೆ? ಗಂಭೀರವಾಗಿ ಕೇಳುತ್ತಿದ್ದೇನೆ. ಕಾಡಾನೆ ತುಳಿದದ್ದಕ್ಕೇ ನಮಗಿನ್ನೂ ಬಂದಿಲ್ಲ.

ಸಾಲಗಾಮೆ_ರೋಡ್

ಹಹ, ಇದು ನಮಗೆ ಕ್ಲಾಸಲ್ಲೇ ಬಂದ ಪ್ರಶ್ನೆ! 1972ರ ಹೊಣೆಗಾರಿಕೆ ಒಪ್ಪಂದ ಅಂತ ಇದೆ. ಬೇರೆ ದೇಶದ್ದು ಭೂಮಿಯ ಮೇಲೆ ಬಿದ್ದು ಹಾನಿ ಆದರೆ ಹಾರಿಸಿದ ದೇಶವೇ ಪೂರ್ತಿ ಜವಾಬ್ದಾರಿ, ತಪ್ಪು ಯಾರದ್ದು ಅಂತ ಸಾಬೀತು ಮಾಡಬೇಕಿಲ್ಲ. ಆದರೆ ಈ ಒಪ್ಪಂದದಲ್ಲಿ ನೀವು ನೇರ ಕೇಳುವ ಹಾಗಿಲ್ಲ, ನಿಮ್ಮ ಪರವಾಗಿ ಭಾರತ ಸರ್ಕಾರ ಕೇಳಬೇಕು. 1978ರಲ್ಲಿ ಸೋವಿಯತ್‌ನ ಕಾಸ್ಮೋಸ್ 954 ಅಂತ ಅಣು ರಿಯಾಕ್ಟರ್ ಇದ್ದ ಉಪಗ್ರಹ ಕೆನಡಾದ ಹಿಮದ ಮೇಲೆ ಬಿತ್ತು. ಕೆನಡಾ 60 ಲಕ್ಷ ಡಾಲರ್ ಕೇಳಿತು, 1981ರಲ್ಲಿ 30 ಲಕ್ಷಕ್ಕೆ ರಾಜಿ ಆಯಿತು.

ತೋಟದ_ಮನೆ

ಅರ್ಧಕ್ಕೆ ರಾಜಿ! ನಮ್ಮ ತಾಲ್ಲೂಕು ಆಫೀಸೇ ವಾಸಿ ಅನ್ನಿಸುವ ಹಾಗಿಲ್ಲ, ಆದರೂ.

ನಿವೃತ್ತ_ಮೇಷ್ಟ್ರು

ಇದನ್ನು ಓದಿ 1979ರ ಜುಲೈ ನೆನಪಾಯಿತು. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆ ಅಂತ ಊರೆಲ್ಲ ಗುಲ್ಲು. ನನಗೆ ಆಗಿನ್ನೂ ಹೊಸದಾಗಿ ಕೆಲಸ ಸಿಕ್ಕಿತ್ತು. ಆ ದಿನ ಶಾಲೆಗೆ ಒಂಬತ್ತು ಮಕ್ಕಳು ಬಂದಿದ್ದರು. ಪಕ್ಕದ ಮನೆಯವರು ಹೇಗೂ ಸಾಯುತ್ತೇವೆ ಅಂತ ಇದ್ದ ಕೋಳಿಗಳನ್ನೆಲ್ಲ ಕೊಯ್ದು ತಿಂದರು. ಅದು ಹೋಗಿ ಆಸ್ಟ್ರೇಲಿಯಾದಲ್ಲಿ ಬಿತ್ತು. ಅಲ್ಲಿನ ಒಂದು ಊರಿನವರು ಕಸ ಚೆಲ್ಲಿದ್ದಕ್ಕೆ ನಾಸಾಗೆ 400 ಡಾಲರ್ ದಂಡ ಹಾಕಿದರಂತೆ. ನಮ್ಮ ಪಕ್ಕದ ಮನೆಯವರ ಕೋಳಿ ಲೆಕ್ಕ ಯಾರೂ ಕೇಳಲಿಲ್ಲ.

ಸ್ಟ್ರಾಸ್‌ಬರ್ಗ್ ಅಂದಿದ್ದೀರಿ. ಅಲ್ಲಿನ ದೊಡ್ಡ ಚರ್ಚಿನ ಖಗೋಳ ಗಡಿಯಾರ ನೋಡಿದಿರಾ ತಾಯಿ?

ಸಾಲಗಾಮೆ_ರೋಡ್

ನೋಡಿದೆ ಮೇಷ್ಟ್ರೇ, ಎರಡು ಸಲ. ಒಂಟಿ ಗೋಪುರದ ಚರ್ಚ್, 142 ಮೀಟರ್. ಗಡಿಯಾರದ ಆಟ ನಡೆಯೋದು ಮಧ್ಯಾಹ್ನ ಹನ್ನೆರಡೂವರೆಗೆ. ಏಸುವಿನ ಶಿಷ್ಯರ ಗೊಂಬೆಗಳು ಸಾಲಾಗಿ ಬರುತ್ತವೆ, ಮೇಲೆ ಹುಂಜ ರೆಕ್ಕೆ ಬಡಿದು ಕೂಗುತ್ತದೆ. ಎಲ್ಲರೂ ಹುಂಜದ ವಿಡಿಯೊ ಮಾಡುತ್ತಾರೆ. ನನಗೆ ಇಷ್ಟ ಆಗಿದ್ದು ಕೆಳಗಿನ ಎಡಗಡೆಯ ಹಲ್ಲುಚಕ್ರಗಳು. ಈಸ್ಟರ್ ಹಬ್ಬ ಯಾವ ದಿನ ಅಂತ ಆ ಚಕ್ರಗಳೇ ಲೆಕ್ಕ ಹಾಕುತ್ತವೆ. 1843ರಲ್ಲಿ ಕೂರಿಸಿದ ಯಂತ್ರ, ಕಂಪ್ಯೂಟರ್ ಇಲ್ಲ, ಏನಿಲ್ಲ.

ನಿವೃತ್ತ_ಮೇಷ್ಟ್ರು

ಅದೇ ನನಗೆ ಬೇಕಿದ್ದದ್ದು. ಈಸ್ಟರ್ ಲೆಕ್ಕದಲ್ಲಿ 19 ವರ್ಷದ ಚಕ್ರ ಬರುತ್ತದೆ. 19 ವರ್ಷಕ್ಕೆ ಸೂರ್ಯ ಚಂದ್ರರ ಲೆಕ್ಕ ಹತ್ತಿರ ಹತ್ತಿರ ಕೂಡಿ ಬರುತ್ತದೆ. ನಮ್ಮ ಪಂಚಾಂಗದಲ್ಲೂ ಸುಮಾರು 19 ವರ್ಷಕ್ಕೆ ಏಳು ಅಧಿಕ ಮಾಸ. ಅವರ ಈಸ್ಟರ್, ನಮ್ಮ ಯುಗಾದಿ ಎರಡೂ ವರ್ಷ ವರ್ಷ ಹಿಂದೆ ಮುಂದೆ ಓಡಾಡೋದು ಅದಕ್ಕೇ. ಅವರು ಹಲ್ಲುಚಕ್ರದಲ್ಲಿ ಮಾಡಿದರು, ನಮ್ಮ ಜೋಯಿಸರು ಬೆರಳ ಗೆಣ್ಣಿನಲ್ಲಿ ಮಾಡಿದರು.

ಮಲ್ನಾಡ್_ಮಂಜ

ಮೇಷ್ಟ್ರ ಕ್ಲಾಸ್ ಶುರು. ನಾನು ಕೊನೇ ಬೆಂಚು.

ಹೆಬ್ಬಾಳ_ಅಮ್ಮ

ನನ್ನ ಮಗಳೂ ಇಂಥದ್ದೇ ಕೇಳುತ್ತಿದ್ದಾಳೆ, ಅದಕ್ಕೆ ಪೂರ್ತಿ ಓದಿದೆ. ಒಂದು ಮಾತು. ಅತ್ತೆ ಮಗಳು ಅಂದಿರಿ, ಹುಡುಗಿ. ಕಲ್ಪನಾ ಚಾವ್ಲಾ ಹೆಸರಲ್ಲಿ ಭಾರತದ ಹೆಣ್ಣುಮಕ್ಕಳಿಗೇ ಅಂತ ಇದೇ ಕೋರ್ಸಿಗೆ ಒಂದು ಸ್ಕಾಲರ್‌ಶಿಪ್ ಇದೆ. ಅಲ್ಲೇ ಓದಿದವರು ಸೇರಿ 2010ರಲ್ಲಿ ಶುರು ಮಾಡಿದ್ದು. ಬಳೆ ಅಡ ಇಡುವ ಮೊದಲು ಅದಕ್ಕೆ ಹಾಕಿ ನೋಡಬಹುದಲ್ಲ?

ಸಾಲಗಾಮೆ_ರೋಡ್

ಹೌದು ಅಮ್ಮ, ಅವಳಿಗೂ ಹೇಳಿದ್ದೇನೆ. ನಾನೂ ಹಾಕಿದ್ದೆ, ಸಿಗಲಿಲ್ಲ. ತಪ್ಪು ನನ್ನದೇ. ಅರ್ಜಿಯಲ್ಲಿ "ಚಿಕ್ಕಂದಿನಿಂದ ನಕ್ಷತ್ರ ನೋಡುತ್ತಾ ಬೆಳೆದೆ" ಅಂತ ಒಂದು ಪುಟ ಬರೆದಿದ್ದೆ. ಏನು ಮಾಡಿದ್ದೇನೆ ಅಂತ ಎರಡು ಸಾಲು. ಮಾಡಿದ್ದು ಅಷ್ಟೇ ಇತ್ತು.

ಡೆಲ್ಫ್ಟ್_ಹದಿನೆಂಟು

ಇಲ್ಲೇ ನೋಡಿ ಉತ್ತರ ಇದೆ. ಮೊದಲ ವಾರ ಎಲ್ಲರೂ ಪರಿಚಯ ಮಾಡಿಕೊಳ್ಳುತ್ತಾರಲ್ಲ, ಆಗ ನಿಮಗೆ ಹೇಗನ್ನಿಸಿತು?

ಸಾಲಗಾಮೆ_ರೋಡ್

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ.

ಒಬ್ಬರು "ನಾನು ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ ವಿಭಾಗದಲ್ಲಿದ್ದೇನೆ" ಅಂದರು. ಇನ್ನೊಬ್ಬರು "ಆರು ವರ್ಷದಿಂದ ಪ್ರವಾಹದ ನಕ್ಷೆ ಮಾಡುತ್ತಿದ್ದೇನೆ" ಅಂದರು. ನನ್ನ ಸರದಿ ಬಂದಾಗ ನಾನು ನನ್ನ ಪರ್ಸೆಂಟೇಜ್ ಹೇಳಿದೆ. 81. ಯಾರಿಗೂ ಅರ್ಥ ಆಗಲಿಲ್ಲ. ಪಕ್ಕದವನು ನಿಜವಾಗಿಯೂ "81 ಏನು?" ಅಂತ ಕೇಳಿದ. ಅವನು ಆಣೆ ಇಟ್ಟು ಕೇಳಿದರೂ ನಾನು ಇನ್ನೇನು ಹೇಳಬಹುದಿತ್ತು?

ಒಂಬತ್ತು ವಾರವೂ ನಾನು ತೆಗೆದುಕೊಂಡೆ, ಕೊಡಲು ಏನೂ ಇರಲಿಲ್ಲ. ಅವರು ಯಾರೂ ಹಾಗೆ ನಡೆಸಿಕೊಳ್ಳಲಿಲ್ಲ, ಪಾಪ. ನನಗೇ ಅನ್ನಿಸುತ್ತಿತ್ತು. ಈಗ ಹೋದರೆ ಆ ಫ್ರೀಕ್ವೆನ್ಸಿ ಕಥೆ ಒಂದನ್ನೇ ಹಿಡಿದು ಒಂದು ಗಂಟೆ ಮಾತಾಡಬಲ್ಲೆ.

ಗೇಟ್_ಎರಡನೇ_ಸಲ

ಹಾಗಾದರೆ ಸುಲಭ. ಎರಡು ಮೂರು ವರ್ಷ ಕೆಲಸ ಮಾಡಿ, ಆಮೇಲೆ ಹೋಗಲಿ. ನನ್ನದೂ ಇದಕ್ಕೆ ವಿರೋಧ ಇಲ್ಲ.

ಹೆಬ್ಬಾಳ_ಅಮ್ಮ

ಹೇಳೋದು ಸುಲಭ. ಎರಡು ಮೂರು ವರ್ಷ ಆದ ಮೇಲೆ ಹುಡುಗಿಯ ಮನೆಯಲ್ಲಿ ಬೇರೆ ಮಾತು ಶುರುವಾಗಿರುತ್ತದೆ. ನಾನೂ ಪಿಎಚ್.ಡಿ. "ಆಮೇಲೆ" ಮಾಡೋಣ ಅಂದುಕೊಂಡಿದ್ದೆ. ಆ ಆಮೇಲೆ ಇನ್ನೂ ಬಂದಿಲ್ಲ. ಮಾವ ದುಡ್ಡು ಕೊಡುತ್ತೇನೆ ಅನ್ನುವಾಗಲೇ ಹೊರಟುಬಿಡಬೇಕು ಅನ್ನೋದು ನನ್ನ ಅಭಿಪ್ರಾಯ.

ಸಾಲಗಾಮೆ_ರೋಡ್

ಇದನ್ನು ಓದಿ ಹತ್ತು ನಿಮಿಷ ಸುಮ್ಮನೆ ಕೂತೆ. ಇದು ನನಗೆ ಹೊಳೆದೇ ಇರಲಿಲ್ಲ.

ಶುಂಠಿ_ಸೀನ

ಅಮ್ಮ ಹೇಳಿದ್ದು ಸರಿ. ಶುಂಠಿ ಮೂರು ವರ್ಷ ಕಾಯಲ್ಲ.

ಎರಡನೇ_ಪಿಯು_ಪಿಸಿಎಂಬಿ

ಅಕ್ಕಾ ಚಂದ್ರಯಾನ-2 ಹೋದಾಗ ನೀವು ಅಲ್ಲೇ ಇದ್ರಿ ಅಲ್ವಾ? ಹೇಗಿತ್ತು?

ಸಾಲಗಾಮೆ_ರೋಡ್

ಅದನ್ನ ಹೇಗೆ ಮರೆತೆ! ಮೊದಲ ಪ್ರಯತ್ನ ಇಲ್ಲಿ ಜುಲೈ 15ರ ಬೆಳಗಿನ ಜಾವ 2:51ಕ್ಕೆ ಇತ್ತಲ್ಲ, ಅಲ್ಲಿ ಅದು 14ರ ರಾತ್ರಿ 11:21. ಜುಲೈ 14 ಅವರ ರಾಷ್ಟ್ರೀಯ ಹಬ್ಬ. ಹೊರಗೆ ಪಟಾಕಿ. ನಾವು ಏಳೆಂಟು ಜನ ಹಾಸ್ಟೆಲ್ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ನಾನು ಎಲ್ಲರಿಗೂ ಉಪ್ಪಿಟ್ಟು ಮಾಡಿದ್ದೆ. ಇನ್ನು 56 ನಿಮಿಷ ಅನ್ನುವಾಗ ಗಡಿಯಾರ ನಿಂತಿತು. ಬರುತ್ತೆ, ಬರುತ್ತೆ ಅಂತ ಕೂತೆವು. ರದ್ದು ಅಂದರು. ಹೊರಗೆ ಪಟಾಕಿ ನಿಲ್ಲಲೇ ಇಲ್ಲ. ಆ ಇಟಲಿ ಡಾಕ್ಟರು ತಣ್ಣಗಾದ ಉಪ್ಪಿಟ್ಟು ಕೆರೆದು ತಿನ್ನುತ್ತಾ, "ಹಾರಿಸದೆ ನಿಲ್ಲಿಸಿದರಲ್ಲ, ಅದಕ್ಕೂ ಧೈರ್ಯ ಬೇಕು" ಅಂದರು. ನಂಗೆ ಅಳು.

ಜುಲೈ 22ಕ್ಕೆ ಮತ್ತೆ. ಅಲ್ಲಿ ಬೆಳಿಗ್ಗೆ 11:13, ಕ್ಲಾಸ್ ನಡೆಯುತ್ತಿತ್ತು. ಡೆಸ್ಕ್ ಕೆಳಗೆ ಮೊಬೈಲ್ ಇಟ್ಟುಕೊಂಡು ಸೌಂಡ್ ಆಫ್ ಮಾಡಿ ನೋಡುತ್ತಿದ್ದೆ. ಪಾಠ ಮಾಡುತ್ತಿದ್ದವರು ನಿಲ್ಲಿಸಿ, "ನೀನು ಏನು ನೋಡುತ್ತಿದ್ದೀಯ?" ಅಂದರು. ಹೇಳಿದೆ. ತಮ್ಮ ಸ್ಲೈಡ್ ಮುಚ್ಚಿ ಅದನ್ನೇ ದೊಡ್ಡ ಪರದೆಗೆ ಹಾಕಿದರು. ರಾಕೆಟ್ ಎದ್ದಾಗ ಇಡೀ ಹಾಲ್ ಚಪ್ಪಾಳೆ. ಆ ಜರ್ಮನ್ ಹುಡುಗನ ಸೀಟಿ ಎಲ್ಲರಿಗಿಂತ ಜೋರು.

ದೇಶಭಕ್ತ_560

ಇದನ್ನ ಮೊದಲೇ ಬರೆಯಬಾರದಿತ್ತಾ ತಂಗಿ.

ಸಾಲಗಾಮೆ_ರೋಡ್

ಅಪ್‌ಡೇಟ್: ಭಾನುವಾರ ಅತ್ತೆ ಮನೆಗೆ ಹೋಗಿದ್ದೆ. ಹೋಗು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನನ್ನ ಸಾಲದ ಪಾಸ್‌ಬುಕ್ಕು, ಅಲ್ಲಿನ ಫೋಟೊಗಳು ಎರಡನ್ನೂ ಟೇಬಲ್ ಮೇಲಿಟ್ಟೆ. ಮಾವ ಪಾಸ್‌ಬುಕ್ ನೋಡಿದರು. ಅವಳು ಫೋಟೊ ನೋಡಿದಳು. ಅತ್ತೆ ಇಬ್ಬರನ್ನೂ ನೋಡಿದರು.

ಕೊನೆಗೆ ಮಾವ ಹೇಳಿದ್ದು: ಈ ವರ್ಷ ಸ್ಕಾಲರ್‌ಶಿಪ್‌ಗೆ ಹಾಕಲಿ. ಸಿಕ್ಕರೆ ಹೋಗಲಿ, ಉಳಿದ ಖರ್ಚು ನನ್ನದು. ಸಿಗದಿದ್ದರೆ ಕೆಲಸಕ್ಕೆ ಸೇರಲಿ. ಆ ದುಡ್ಡು ಅವಳ ಹೆಸರಲ್ಲಿ ಎಫ್‌ಡಿ, ಎರಡು ವರ್ಷ ಆದ ಮೇಲೆ ಹೋಗುವುದಕ್ಕೆ ಮಾತ್ರ. @ಹೆಬ್ಬಾಳ_ಅಮ್ಮ, ಎಫ್‌ಡಿ ಮಾತು ನಿಮ್ಮ ಪೋಸ್ಟ್ ಓದಿ ಹೇಳಿಸಿದ್ದು. "ಮದುವೆಗೆ ಮುರಿಯಬಾರದು" ಅಂತ ಅವಳು ಅಲ್ಲೇ ಅಪ್ಪನ ಹತ್ತಿರ ಬರೆಸಿಕೊಂಡಳು, ಕ್ಯಾಲೆಂಡರ್ ಹಿಂದೆ.

ಹೆಬ್ಬಾಳ_ಅಮ್ಮ

ಆ ಕ್ಯಾಲೆಂಡರ್ ಹಾಳೆ ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ.

ಡೆಲ್ಫ್ಟ್_ಹದಿನೆಂಟು

"ಮುರಿಯಬಾರದು" ಅಂತ ಬರೆಸಿದಳಾ, "ಮುರಿಯದಿರಬಹುದು" ಅಂತನಾ?

ಸಾಲಗಾಮೆ_ರೋಡ್

"ಬಾರದು"! ನಾನೇ ಪಕ್ಕದಲ್ಲಿ ನಿಂತು ನೋಡಿದೆ.

ಎರಡನೇ_ಪಿಯು_ಪಿಸಿಎಂಬಿ

ಅಕ್ಕಾ ಲಾಸ್ಟ್ ಪ್ರಶ್ನೆ, ಅಲ್ಲಿಗೆ ರೈಸ್ ಕುಕ್ಕರ್ ತಗೊಂಡು ಹೋಗಬಹುದಾ?

ರೈನ್_ದಂಡೆ

ಕರೆಂಟ್ ನಮ್ಮದೇ 230 ವೋಲ್ಟ್, ತೊಂದರೆ ಇಲ್ಲ. ಮೂರು ಪಿನ್ನಿನ ಪ್ಲಗ್ ಮಾತ್ರ ಹಿಡಿಯಲ್ಲ, ಅಡಾಪ್ಟರ್ ಬೇಕು. ಹಾಸ್ಟೆಲಿನವರು ಒಪ್ಪುತ್ತಾರಾ ಅಂತ ಮೊದಲು ಕೇಳು. ಮತ್ತೆ ಪುಳಿಯೋಗರೆ ಗೊಜ್ಜನ್ನು ಬಿಳಿ ಷರ್ಟಿನ ಪಕ್ಕ ಇಡಬೇಡ.